ಹೊಳೆಯ ಕವಲುಗಳೂ ನೀರಿನ ಸೂಕ್ಷ್ಮಜೀವಿಗಳೂ

ತೊಗರಿ, ಅವರೆ, ಹುರುಳಿ ಮುಂತಾದ ದ್ವಿದಳ ಪೈರುಗಳ ಬೇರುಗಂಟುಗಳಲ್ಲಿ ಸೂಕ್ಷ್ಮಜೀವಿಗಳು ವಾಸಮಾಡಿಕೊಂಡು ವಾಯುವಿನ ಸಾರಜನಕವನ್ನು ಭೂಮಿಗೆ ಸೇರಿಸುವುವೆಂಬ ಸಂಗತಿಯು ವ್ಯವಸಾಯಗಾರರಿಗೆ ಹೊಸದಲ್ಲ. ಕೊಟ್ಟಿಗೆಯ ಗೊಬ್ಬರವು ಕಳಿತು ಪಕ್ವವಾಗುವುದು ಇಂಥ ಜೀವಿಗಳ ಕೆಲಸದಿಂದಲೇ ಎಂಬುದನ್ನೂ ಅನೇಕರು ಬಲ್ಲರು. ಆದರೆ ಹೊಳೆಯ ನೀರಿನಲ್ಲಿರುವ ಸೂಕ್ಷ್ಮಜೀವಿಗಳ ಮಾತು ಬಂದೊಡನೆ ಕಾಲರಾ, ವಿಷಮಶೀತಜ್ವರಗಳ ನೆನಪಲ್ಲದೆ ಬೇರೊಂದು ಯೋಚನೆಯು ನಮ್ಮ ಜನರಿಗೆ ಬರುವುದು ಅಪರೂಪ. ವಾಸ್ತವವಾಗಿ, ತಿಳಿಯಾಗಿ ಕಾಣುವ ಹೊಳೆಯ ನೀರಿನ ಒಂದು ತೊಟ್ಟಿನಲ್ಲಿಯೂ ಸಾವಿರಾರು ಜೀವಿಗಳಿರುವುವು. ಅವುಗಳಲ್ಲಿ ರೋಗವನ್ನು ತರತಕ್ಕವು ಅತ್ಯಲ್ಪ. ಉಳಿದವು ಬಿದ್ದ ಎಲೆಯನ್ನು ಕೊಳೆಯಿಸುತ್ತ, ಕಲ್ಮಷವನ್ನು ತಿಂದು ತೀರಿಸುತ್ತ, ಹೊಲಗಳಿಂದ ಕೊಚ್ಚಿಬಂದ ಗೊಬ್ಬರದ ಸತ್ತ್ವವನ್ನು ಹಿಡಿದಿಡುತ್ತ ಹಗಲಿರುಳೂ ದುಡಿಯುತ್ತಿರುವುವು.

ಇವುಗಳಲ್ಲಿ ಯಾವ ಜಾತಿಯವು ಹೊಳೆಯ ಯಾವ ಭಾಗದಲ್ಲಿ ನೆಲೆಸಬೇಕೆಂಬುದು ನೀರಿನ ಶುದ್ಧಾಶುದ್ಧತೆಯಿಂದ ಮಾತ್ರ ನಿಶ್ಚಯವಾಗುವುದಿಲ್ಲ. ಹೊಳೆಯು ಎಷ್ಟು ಕವಲುಗಳಾಗಿ ಹಬ್ಬಿದೆ, ಆ ಕವಲುಗಳು ಎಲ್ಲಿ ಕೂಡುತ್ತವೆ, ನೀರು ಎಲ್ಲಿ ಓಡುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬಿವುಗಳೂ ಅದನ್ನು ನಿರ್ಣಯಿಸುವುವೆಂದು ಕಳೆದ ಕೆಲವು ದಶಕಗಳ ಶೋಧನೆಗಳಿಂದ ಗೊತ್ತಾಗಿದೆ. ಈ ವಿಷಯವು ಕೇವಲ ಪಂಡಿತರಿಗೆ ಸಂಬಂಧಿಸಿದ್ದೆಂದು ವಾಚಕರು ಪಕ್ಕಕ್ಕಿಡಬಾರದು. ಏಕೆಂದರೆ ಈ ಲೆಕ್ಕದಲ್ಲಿ ಅತಿ ಮುಖ್ಯವಾದ ಭಾಗವು ಇರುವುದು ಹೆಸರಾಂತ ಮಹಾನದಿಯ ನಡುವಿನಲ್ಲಲ್ಲ, ಗ್ರಾಮಗ್ರಾಮದ ಹೊಲಗದ್ದೆಗಳ ಮಧ್ಯೆ ಹರಿಯುವ ಹೆಸರಿಲ್ಲದ ಹಳ್ಳಗಳಲ್ಲಿ.

ಕವಲುಗಳ ಎಣಿಕೆ.— ಕಾವೇರಿಯನ್ನೇ ತೆಗೆದುಕೊಳ್ಳಬಹುದು. ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಈ ನದಿಗೆ ಭಾಗಮಂಡಲದಲ್ಲಿ ಕನ್ನಿಕೆಯೂ, ಕೂಡಿಗೆಯಲ್ಲಿ ಹಾರಂಗಿಯೂ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಹೇಮಾವತಿ ಲಕ್ಷ್ಮಣತೀರ್ಥಗಳೂ, ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯೂ, ಮುಂದೆ ಶಿಂಷಾ ಅರ್ಕಾವತಿಗಳೂ ಬಂದು ಸೇರುವುದನ್ನು ಶಾಲೆಯ ಹುಡುಗರೂ ಹೇಳಬಲ್ಲರು. ಆದರೆ ಈ ಒಂದೊಂದು ಉಪನದಿಗೂ ಹತ್ತಾರು ಹೊಳೆಗಳೂ, ಆ ಹೊಳೆಗಳಿಗೆ ನೂರಾರು ಹಳ್ಳಗಳೂ, ಹಳ್ಳಗಳಿಗೆ ಗುಡ್ಡದ ಸಂದುಗಳಿಂದ ಇಳಿದುಬರುವ ಲೆಕ್ಕವಿಲ್ಲದ ತೊರೆ ಕೊರಕಲುಗಳೂ ಉಂಟು. ಇವೆಲ್ಲವನ್ನೂ ನಕ್ಷೆಯಲ್ಲಿ ಬರೆದರೆ ಬುಡದಿಂದ ತುದಿಯವರೆಗೆ ರೆಂಬೆ ಕಡ್ಡಿಗಳಿಂದ ತುಂಬಿದ ಮಹಾವೃಕ್ಷದಂತೆ ತೋರುವುದು.

ಈ ವೃಕ್ಷದ ಕಡ್ಡಿಗಳನ್ನು ಎಣಿಸುವ ಕ್ರಮವೊಂದನ್ನು ಅಮೆರಿಕದ ಹಾರ್ಟನ್ ಎಂಬ ಇಂಜಿನಿಯರರು 1945ರಲ್ಲಿ ಪ್ರಕಟಿಸಿದರು. ಅನಂತರ ಸ್ಟ್ರಾಲರ್ ಎಂಬವರು ಅದನ್ನು ಸರಳಗೊಳಿಸಿದರು. ಯಾವ ಉಪಶಾಖೆಯೂ ಇಲ್ಲದ ತುತ್ತತುದಿಯ ತೊರೆಯು ಮೊದಲನೆಯ ದರ್ಜೆಯದು. ಅಂಥ ಎರಡು ತೊರೆಗಳು ಕೂಡಿದಲ್ಲಿ ಎರಡನೆಯ ದರ್ಜೆ, ಎರಡನೆಯ ದರ್ಜೆಯವೆರಡು ಕೂಡಿದಲ್ಲಿ ಮೂರನೆಯದು, ಹೀಗೆಯೇ ಮುಂದಕ್ಕೆ. ಚಿಕ್ಕದೊಂದು ಬಂದು ದೊಡ್ಡದಕ್ಕೆ ಸೇರಿದರೆ ದರ್ಜೆಯು ಏರುವುದಿಲ್ಲ. ಈ ಕ್ರಮದಿಂದ ಎಣಿಸಲಾಗಿ, ಒಂದು ದರ್ಜೆಯ ಹೊಳೆಗಳಿಗಿಂತ ಅದರ ಕೆಳಗಿನ ದರ್ಜೆಯವು ಸಾಮಾನ್ಯವಾಗಿ ಮೂರರಿಂದ ಐದರಷ್ಟು ಹೆಚ್ಚಾಗಿರುವುವೆಂದು ಕಂಡುಬಂದಿದೆ. ಇದರ ಫಲವೇನೆಂದರೆ, ಯಾವುದೇ ನದಿಯ ಸಕಲ ಕವಲುಗಳ ಉದ್ದವನ್ನು ಕೂಡಿಸಿದರೆ ಅದರಲ್ಲಿ ಅರ್ಧ ಅಥವಾ ಅರ್ಧಕ್ಕೂ ಮೀರಿದ ಭಾಗವು ಈ ಮೊದಲನೆಯ ದರ್ಜೆಯ ತೊರೆಗಳದೇ ಆಗುವುದು. ಒಂದೇ ನೆಗೆತಕ್ಕೆ ದಾಟಬಹುದಾದ ಇವನ್ನು ನದಿಯ ಅಂಗವೆಂದು ಯಾರೂ ಭಾವಿಸುವುದಿಲ್ಲವೆಂಬುದೇ ಆಶ್ಚರ್ಯ.

ಕಾಲದ ಮಹಿಮೆ.— ಹಾಲಿನಲ್ಲಿಯೋ ಮಾಂಸದ ಸಾರಿನಲ್ಲಿಯೋ ಬಿದ್ದ ಸೂಕ್ಷ್ಮಜೀವಿಯು ಅರ್ಧ ಗಂಟೆಯೊಳಗೆ ಎರಡಾಗಬಲ್ಲದು. ಆದರೆ ಹೊಳೆಯ ನೀರು ಆಹಾರದಲ್ಲಿ ಬಡವಾದುದು. ಅಲ್ಲಿ ಒಂದು ಎರಡಾಗಲು ಅನೇಕವೇಳೆ ಒಂದು ದಿವಸವೋ ಅದಕ್ಕೂ ಹೆಚ್ಚೋ ಹಿಡಿಯುವುದು. ಗುಡ್ಡದ ತೊರೆಗೆ ಬಿದ್ದ ಮಳೆಯ ನೀರಾದರೋ ಕೆಲವು ಗಂಟೆಗಳಲ್ಲಿಯೇ ಇಳಿದು ದೊಡ್ಡ ಹೊಳೆಯನ್ನು ಸೇರಿಬಿಡುವುದು. ಆದಕಾರಣ ತೊರೆಯ ನೀರಿನಲ್ಲಿರುವ ಜೀವಿಗಳಿಗೆ ಅಲ್ಲಿ ಸಂತಾನವನ್ನು ಬೆಳೆಸಲು ವೇಳೆಯೇ ಸಾಲದು. ಕಾಡಿನ ಎಲೆಗೊಬ್ಬರ, ಹುಲ್ಲುಗಾವಲಿನ ಮಣ್ಣು, ಬಂಡೆಯ ಸಂದು, ಒರತೆಯ ಬಾಯಿ ಇವುಗಳಿಂದ ತೊಳೆದು ಬಂದವುಗಳೇ ಅಲ್ಲಿ ಕಾಣತಕ್ಕವು. ಜಾತ್ರೆಗೆ ಹೋಗುವ ದಾರಿಯಲ್ಲಿ ಹತ್ತೂರಿನ ಜನ ಕಾಣಿಸುವಂತೆ ತೊರೆಯ ನೀರಿನಲ್ಲಿ ನಾನಾ ಬಗೆಯ ಮಣ್ಣಿನ ಜೀವಿಗಳು ಕಾಣುವುವು.

ನದಿಯು ದೊಡ್ಡದಾಗಿ ದಿನಗಟ್ಟಲೆ, ವಾರಗಟ್ಟಲೆ ಹರಿದ ಮೇಲೆ ಸ್ಥಿತಿಯು ಬೇರೆಯಾಗುವುದು. ಮಣ್ಣಿನಿಂದ ಬಂದವು ಕೆಲವು ರೇವೆಯೊಡನೆ ತಳಕ್ಕಿಳಿಯುವುವು, ಕೆಲವು ತಮಗಿಂತ ದೊಡ್ಡ ಜೀವಿಗಳಿಗೆ ಆಹಾರವಾಗುವುವು, ಕೆಲವು ತಾವಾಗಿ ನಾಶವಾಗುವುವು. ಬಡ ನೀರಿನಲ್ಲಿಯೂ ಜೀವಿಸಿ ವೃದ್ಧಿಹೊಂದಬಲ್ಲ ಕೆಲವೇ ಬಗೆಗಳು, ಊರಿನಲ್ಲಿ ಮನೆಕಟ್ಟಿ ನಿಂತ ಒಕ್ಕಲಿನಂತೆ, ನೆಲೆಗೊಂಡು ಬೆಳೆಯುವುವು.

ಯೂರೋಪಿನ ಡ್ಯಾನ್ಯೂಬ್ ನದಿಯಲ್ಲಿ 2013ರಲ್ಲಿ ನಡೆದ ಪರೀಕ್ಷೆಯಿಂದ ಇದು ಸ್ಪಷ್ಟಪಟ್ಟಿತು. ಸುಮಾರು 2,600 ಕಿಲೋಮೀಟರು ದೂರ ಆ ನದಿಯ ನಡುನೀರನ್ನೂ ಉಪನದಿಗಳ ನೀರನ್ನೂ ತೆಗೆದು, ಅದರಲ್ಲಿರುವ ಜೀವಿಗಳನ್ನು ಡಿ.ಎನ್.ಎ. ಎಂಬ ವಂಶದ್ರವ್ಯದ ಮೂಲಕ ಗುರುತಿಸಲಾಯಿತು. (ನೀರಿನ ಜೀವಿಗಳಲ್ಲಿ ಬಹುಭಾಗವು ಪ್ರಯೋಗಶಾಲೆಯ ತಟ್ಟೆಯಲ್ಲಿ ಬೆಳೆಯಲು ಒಲ್ಲವಾದುದರಿಂದ, ಈ ಉಪಾಯವು ಬರುವವರೆಗೆ ಅವುಗಳ ಲೆಕ್ಕವೇ ಸಿಕ್ಕಿರಲಿಲ್ಲ.) ಕೆಳಕ್ಕೆ ಹೋದ ಹಾಗೆಲ್ಲ ಬಗೆಗಳ ಸಂಖ್ಯೆಯು ಕ್ರಮವಾಗಿ ಕಡಮೆಯಾಯಿತು; ಮಣ್ಣು ಮತ್ತು ಅಂತರ್ಜಲದ ಜೀವಿಗಳ ಪಾಲು ಇಳಿದು, ಸಿಹಿನೀರಿಗೇ ಒಗ್ಗಿದವುಗಳ ಪಾಲು ಏರಿತು. ಉತ್ತರ ಅಮೆರಿಕದ ಅಲಾಸ್ಕಾ ಪ್ರಾಂತದ ಟೂಲಿಕ್ ಎಂಬ ಸರೋವರದ ಜಲಾನಯನದಲ್ಲಿಯೂ, ಅತ್ಯಧಿಕವಾದ ವೈವಿಧ್ಯವು ಇಳಿಜಾರಿನ ಮಣ್ಣಿನ ನೀರಿನಲ್ಲಿಯೂ ತಲೆತೊರೆಗಳಲ್ಲಿಯೂ ಇದ್ದುದಾಗಿ 2012ರಲ್ಲಿ ಪ್ರಕಟವಾಯಿತು. ಸರೋವರದಲ್ಲಿ ಹೇರಳವಾಗಿ ಕಂಡ ಬಗೆಗಳಲ್ಲಿ ಅನೇಕವು ಮೇಲಿನ ಮಣ್ಣಿನಲ್ಲಿ ವಿರಳವಾಗಿ ಇದ್ದವೇ. ಎಂದರೆ ಮೇಲಿನ ನೆಲವು ಬೀಜದ ಕಣಜ, ಕೆಳಗಿನ ನೀರು ಆ ಬೀಜದಲ್ಲಿ ತನಗೊಪ್ಪುವುದನ್ನು ಆರಿಸಿ ಬೆಳೆಯುವ ಹೊಲ.

ಕಲ್ಲಿನ ಮೇಲಣ ಲೋಳೆ.— ಇದುವರೆಗೆ ಹೇಳಿದ್ದು ನೀರಿನೊಡನೆ ತೇಲಿಹೋಗುವ ಜೀವಿಗಳ ವಿಚಾರ. ಹಳ್ಳಗಳಲ್ಲಿ ಇವಕ್ಕಿಂತ ಬಹು ಮುಖ್ಯವಾದವು ತಳದ ಕಲ್ಲು, ಮರಳು, ಕೊಳೆತ ಎಲೆಗಳ ಮೇಲೆ ಜಾರುವ ಲೋಳೆಯಾಗಿ ಅಂಟಿಕೊಂಡಿರತಕ್ಕವು. ಹಳ್ಳವನ್ನು ದಾಟುವಾಗ ಕಾಲು ಜಾರಿಸುವ ಈ ಲೋಳೆಯನ್ನು ಶಪಿಸದವರಿಲ್ಲ. ಆದರೆ ಹಳ್ಳದ ಕಸುಬೆಲ್ಲ ನಡೆಯುವುದು ಅದರಲ್ಲಿಯೇ. ನೀರು ಹರಿದುಹೋದರೂ ಇವು ನಿಂತಲ್ಲಿಯೇ ನಿಂತು, ಹಾದುಹೋಗುವ ಸತ್ತ್ವವನ್ನು ಹಿಡಿದು ಬದುಕುವುವು.

ಆಸ್ಟ್ರಿಯಾ ದೇಶದಲ್ಲಿ ಇಬ್ಸ್ ಎಂಬ ನದಿಯುಂಟು. ಅದು ಡ್ಯಾನ್ಯೂಬಿನ ಒಂದು ಉಪನದಿ. ಅದರ ಚಿಕ್ಕ ದೊಡ್ಡ 114 ಹೊಳೆಗಳ ತಳದ ಲೋಳೆಯನ್ನು ತೆಗೆದು ಪರೀಕ್ಷಿಸಿದ ಫಲವು 2013ರಲ್ಲಿ ಪ್ರಕಟವಾಯಿತು. ಹತ್ತು ಹಳ್ಳಗಳ ನೀರು ಒಂದಾಗಿ ಹರಿಯುವಲ್ಲಿ ಹತ್ತು ಹಳ್ಳಗಳ ಜೀವಿಗಳೂ ಇರಬೇಕಷ್ಟೆ ಎಂದೇ ಅದುವರೆಗಿನ ಎಣಿಕೆಯಾಗಿತ್ತು. ಕಂಡುಬಂದುದು ಅದಕ್ಕೆ ವಿರುದ್ಧ. ತಲೆತೊರೆಗಳಿಂದ ಕೆಳಕ್ಕಿಳಿದಂತೆ ಲೋಳೆಯ ವೈವಿಧ್ಯವು ಕುಗ್ಗುತ್ತಿತ್ತು; ಅದರಲ್ಲಿಯೂ ಎರಡು ಹೊಳೆಗಳು ಕೂಡುವ ಸಂಗಮಸ್ಥಾನಗಳಲ್ಲಿ ಈ ಕುಗ್ಗುವಿಕೆಯು ವಿಶೇಷವಾಗಿತ್ತು. ಇದಕ್ಕಿಂತಲೂ ಗಮನಾರ್ಹವಾದುದು ಮತ್ತೊಂದು ಸಂಗತಿ. ತಲೆತೊರೆಗಳಲ್ಲಿ ಒಂದರ ಜೀವಿಗಳು ಮತ್ತೊಂದರವಕ್ಕಿಂತ ಬಹಳ ಭಿನ್ನವಾಗಿದ್ದುವು. ಆ ಭೇದಕ್ಕೂ ತೊರೆಗಳ ನಡುವಣ ದೂರಕ್ಕೂ ಸಂಬಂಧವಿರಲಿಲ್ಲ. ಹತ್ತಿರದ ತೊರೆಗಳು ಒಂದನ್ನೊಂದು ಹೋಲಬೇಕೆಂಬ ನಿಯಮವಿರಲಿಲ್ಲ.

ಇದರಿಂದ ಹೊರಡುವ ಅರ್ಥವನ್ನು ಬಿಡಿಸಿ ಹೇಳುವುದು ಅವಶ್ಯ. ಒಂದು ಹಳ್ಳವನ್ನು ಮುಚ್ಚಿ ಹೊಲಕ್ಕೆ ಸೇರಿಸಿಕೊಂಡವನು, ಪಕ್ಕದಲ್ಲಿ ಇನ್ನೊಂದು ಹಳ್ಳವಿರುವುದರಿಂದ ನಷ್ಟವೇನೂ ಆಗಲಿಲ್ಲವೆಂದು ಹೇಳುವಂತಿಲ್ಲ. ಮುಚ್ಚಿಹೋದದ್ದು ಬೇರೆ ಕಣಜ, ಉಳಿದದ್ದು ಬೇರೆ ಕಣಜ. ಹಳ್ಳದ ಒಡ್ಡುಗಳನ್ನು ಸರಿಸಿ ಒಂದೆರಡು ಗುಂಟೆ ಭೂಮಿಯನ್ನು ಒತ್ತಿಕೊಳ್ಳುವುದು ಅನೇಕ ಗ್ರಾಮಗಳಲ್ಲಿ ಸಾಮಾನ್ಯವಾಗಿಹೋಗಿದೆ. ನೆರೆಯ ಕಾಲದಲ್ಲಿ ಇದರಿಂದಾಗುವ ಹಾನಿಯು ಎಲ್ಲರಿಗೂ ಕಾಣುತ್ತದೆ. ಕಾಣದ ಹಾನಿಯು ಇದು.

ತೊರೆಯ ಆಹಾರದ ವಿಷಯವನ್ನೂ ಇಲ್ಲಿಯೇ ಹೇಳಬಹುದು. ನೆರಳಿನಲ್ಲಿ ಹರಿಯುವ ತಲೆತೊರೆಗೆ ಮುಖ್ಯ ಆಹಾರವು ದಡದ ಮರಗಳಿಂದ ಬೀಳುವ ಎಲೆ. ಹೊಳೆಯು ಅಗಲವಾಗಿ ಬಿಸಿಲು ತಳಕ್ಕೆ ಮುಟ್ಟುವಲ್ಲಿ ಪಾಚಿಯು ಬೆಳೆದು ಆಹಾರವಾಗುವುದು. ಇನ್ನೂ ಕೆಳಗೆ ಮೇಲಿನಿಂದ ಬಂದ ನುಣ್ಣನೆಯ ರೇವೆಯೇ ಆಹಾರ. 1980ರಲ್ಲಿ ಅಮೆರಿಕದ ಶಾಸ್ತ್ರಜ್ಞರು ಈ ಅನುಕ್ರಮವನ್ನು ಒಂದು ಸಿದ್ಧಾಂತವಾಗಿ ಮಂಡಿಸಿದರು. ದಡದ ಹೊಂಗೆ, ಹೊಳೆಮತ್ತಿಗಳನ್ನು ಕಡಿದರೆ ತೊರೆಯು ತನ್ನ ಸಹಜವಾದ ಊಟವನ್ನು ಕಳೆದುಕೊಂಡು, ಬಿಸಿಲಿಗೆ ಕಾದು, ಪಾಚಿಯ ಹೊಳೆಯಾಗುವುದು.

ಗೊಬ್ಬರದ ಲೆಕ್ಕ.— ಹೊಲಕ್ಕೆ ಹಾಕಿದ ಯೂರಿಯಾದಲ್ಲಿ ಪೈರು ತೆಗೆದುಕೊಳ್ಳದೆ ಉಳಿದ ಭಾಗವು ಮಳೆಯ ನೀರಿನೊಡನೆ ಹಳ್ಳಕ್ಕೆ ಇಳಿಯುವುದೆಂಬುದು ತಿಳಿದ ವಿಷಯ. ಅದು ಅಲ್ಲಿಂದ ಎಲ್ಲಿಗೆ ಹೋಗುವುದು? ಉತ್ತರ ಅಮೆರಿಕದ 12 ತಲೆತೊರೆಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶವು 2001ರಲ್ಲಿ ಹೊರಬಂದಿತು. ಅತಿ ಚಿಕ್ಕ ತೊರೆಗಳೇ ಸಾರಜನಕವನ್ನು ಅತಿ ಬೇಗ ನೀರಿನಿಂದ ತೆಗೆಯತಕ್ಕವೆಂದೂ, ಅಲ್ಲಿ ಅಮೋನಿಯಾ ರೂಪದ ಸಾರಜನಕವು ಕೆಲವು ಹತ್ತು ಅಥವಾ ಕೆಲವು ನೂರು ಮೀಟರುಗಳ ಓಟದಲ್ಲಿಯೇ ಹಿಡಿಯಲ್ಪಡುವುದೆಂದೂ, ಜೀವಿಗಳು ಚುರುಕಾಗಿರುವ ಋತುವಿನಲ್ಲಿ ತೊರೆಯು ತನಗೆ ಬಂದ ಸಾರಜನಕದಲ್ಲಿ ಅರ್ಧಕ್ಕಿಂತ ಕಡಮೆ ಭಾಗವನ್ನು ಮಾತ್ರ ಕೆಳಕ್ಕೆ ಬಿಡುವುದೆಂದೂ ಅದರಿಂದ ತಿಳಿಯಿತು. ಕಾರಣವು ಸುಲಭವಾಗಿಯೇ ಇದೆ. ಗೇಣುದ್ದ ಆಳದ ನೀರಿನಲ್ಲಿ ಒಂದೊಂದು ತೊಟ್ಟೂ ತಳದ ಲೋಳೆಯನ್ನು ಮುಟ್ಟಿಕೊಂಡೇ ಹೋಗಬೇಕು. ಎರಡಾಳುದ್ದ ಮಡುವಿನಲ್ಲಿ ಬಹುಭಾಗ ನೀರು ತಳವನ್ನು ಮುಟ್ಟುವುದೇ ಇಲ್ಲ. ತಳದ ಕೆಸರಿನೊಳಗೆ ಆಮ್ಲಜನಕವಿಲ್ಲದ ಸ್ಥಳದಲ್ಲಿ ಮತ್ತೊಂದು ಪಂಗಡದ ಜೀವಿಗಳಿದ್ದು, ಅವು ನೈಟ್ರೇಟನ್ನು ಒಡೆದು ಸಾರಜನಕವನ್ನು ವಾಯುವಾಗಿ ಆಕಾಶಕ್ಕೆ ಬಿಟ್ಟುಬಿಡುವುವು.

ಆದರೆ ಈ ಉಪಕಾರಕ್ಕೆ ಮಿತಿಯುಂಟು. 72 ತೊರೆಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ನೀರಿನಲ್ಲಿ ನೈಟ್ರೇಟು ಹೆಚ್ಚಿದಂತೆಲ್ಲ ತೊರೆಯು ಅದನ್ನು ತೆಗೆಯುವ ದಕ್ಷತೆಯು ಇಳಿಯುತ್ತ ಹೋಯಿತು. ಹೊರೆಯು ಭಾರವಾದಷ್ಟೂ ಎತ್ತು ಹೆಜ್ಜೆಯನ್ನು ತಡೆದಿಡುವಂತೆ ಇದೂ. ಮೋಡ ಕವಿದಿರುವಾಗ ಯೂರಿಯಾ ಎರಚುವವನು ತನ್ನ ಹಣವನ್ನು ಹಳ್ಳಕ್ಕೆ ಹಾಕುವುದಲ್ಲದೆ, ಆ ಹಳ್ಳವು ನೆರೆಯವನ ಹೊಲದಿಂದ ಬಂದುದನ್ನು ಜೀರ್ಣಿಸಿಕೊಳ್ಳುವ ಶಕ್ತಿಯನ್ನೂ ಕುಗ್ಗಿಸುವನು.

ಕಲ್ಮಷವು ಎಲ್ಲಿ ಸೇರುವುದೆಂಬುದು.— ಕೊಳೆಯುವ ಪದಾರ್ಥವು ನೀರಿಗೆ ಬಿದ್ದರೆ ಜೀವಿಗಳು ಅದನ್ನು ತಿನ್ನಲು ಮುತ್ತುವುವು. ತಿನ್ನುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಖರ್ಚುಮಾಡುವುವು. ಅದು ತೀರಿದಲ್ಲಿ ಮೀನುಗಳು ಸಾಯುವುವು, ನೀರು ನಾರುವುದು. ಮುಂದೆ ಹರಿಯುತ್ತ ಹೋದಂತೆ ಗಾಳಿಯಿಂದ ಆಮ್ಲಜನಕವು ಮತ್ತೆ ಬೆರೆತು ಹೊಳೆಯು ಚೇತರಿಸಿಕೊಳ್ಳುವುದು. ಅಮೆರಿಕದ ಓಹಿಯೋ ನದಿಯಲ್ಲಿ ಈ ಇಳಿತ ಏರಿಕೆಗಳನ್ನು ಅಳೆದು ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬವರು 1925ರಲ್ಲಿ ಒಂದು ಸೂತ್ರವನ್ನು ಕಟ್ಟಿದರು. ಆದುದರಿಂದ ಒಂದೇ ಪ್ರಮಾಣದ ಚರಂಡಿಯ ನೀರನ್ನು ತುಂಬಿದ ಕಾವೇರಿಗೆ ಬಿಡುವುದೂ, ಮೊದಲನೆಯ ದರ್ಜೆಯ ತೊರೆಗೆ ಬಿಡುವುದೂ ಸಮಾನವಲ್ಲ.

ಬೆಂಗಳೂರು ನಗರದ ಸ್ಥಿತಿಯನ್ನು ನೋಡಿದರೆ ಇದು ಮನದಟ್ಟಾಗುವುದು. ಪ್ರಪಂಚದ ಅನೇಕ ಮಹಾನಗರಗಳು ದೊಡ್ಡ ನದಿಗಳ ದಡದಲ್ಲಿವೆ. ಬೆಂಗಳೂರಾದರೋ ಎತ್ತರವಾದ ಏಣಿನ ಮೇಲೆ ಕುಳಿತಿದೆ. ಆದ್ದರಿಂದ ಅದರ ಕಲ್ಮಷವು ವೃಕ್ಷದ ಕಾಂಡಕ್ಕೆ ಬೀಳದೆ ಎಳೆಯ ಕಡ್ಡಿಗಳಿಗೇ ಬೀಳುವುದು. ಪಶ್ಚಿಮದ ಕಡೆಯ ನೀರು ವೃಷಭಾವತಿಯಲ್ಲಿಳಿದು, ಬೈರಮಂಗಲದ ಕೆರೆಯನ್ನು ಹಾದು, ಕನಕಪುರದ ಸೀಮೆಯಲ್ಲಿ ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಕಾವೇರಿಯನ್ನು ಸೇರುವುದು. ಪೂರ್ವದ ಕಡೆಯದು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುವುದು. ತನ್ನ ಸ್ವಂತ ನೀರಿಗಿಂತ ನಗರದ ನೀರೇ ಹೆಚ್ಚಾದ ಹೊಳೆಯಲ್ಲಿ ಮಣ್ಣಿನ ಜೀವಿಗಳ ಜಾಗವನ್ನು ಮನುಷ್ಯರ ಕರುಳಿನ ಮತ್ತು ಚರಂಡಿಯ ಜೀವಿಗಳು ಆಕ್ರಮಿಸಿಕೊಳ್ಳುವುವು.

ನಗರವನ್ನು ದೂಷಿಸಿ ಹಳ್ಳಿಗಳು ಸುಮ್ಮನಿರುವಂತಿಲ್ಲ. ಕೊಡಗು, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾಫಿಯ ಹಣ್ಣನ್ನು ಪಲ್ಪರ್ ಯಂತ್ರದಲ್ಲಿ ಸಿಪ್ಪೆ ಬಿಡಿಸಿ ತೊಳೆದ ನೀರು ಬಹಳ ಹುಳಿಯಾಗಿಯೂ ಕೊಳೆಯುವ ಪದಾರ್ಥದಿಂದ ತುಂಬಿಯೂ ಇರುವುದು. ಕೊಯ್ಲು ನಡೆಯುವುದಾದರೋ ಮಳೆ ನಿಂತು ತೊರೆಗಳು ಬಡವಾಗುವ ತಿಂಗಳುಗಳಲ್ಲಿ. ಹೇಮಾವತಿ ಕಾವೇರಿಗಳ ತಲೆತೊರೆಗಳಿರುವುದೂ ಈ ತೋಟಗಳ ಮಧ್ಯೆಯೇ. ಆ ನೀರನ್ನು ಹೊಂಡಗಳಲ್ಲಿ ನಿಲ್ಲಿಸಿ, ಸುಣ್ಣದಿಂದ ಹುಳಿಯನ್ನು ಮುರಿದು, ಕೊಳೆಯು ಇಳಿಯುವವರೆಗೆ ಹೊರಬಿಡದಿರುವುದು ತೋಟದ ಯಜಮಾನರ ಕರ್ತವ್ಯ. ಕಲ್ಮಷವನ್ನು ಹೊಳೆಗೆ ಬಿಡುವುದನ್ನು 1974ರ ಜಲಮಾಲಿನ್ಯ ನಿಯಂತ್ರಣದ ಕಾಯಿದೆಯೂ ಒಪ್ಪುವುದಿಲ್ಲ.

ಕೆರೆ ಕಟ್ಟೆಗಳು.— ಓಡುವ ನೀರನ್ನು ಕಟ್ಟಿ ನಿಲ್ಲಿಸಿದರೆ ಜೀವಿಗಳಿಗೆ ಕಾಲಾವಕಾಶವು ಒಮ್ಮೆಲೇ ಹೆಚ್ಚುವುದು. ಹಳ್ಳದ ಬಗೆಗಳು ತಗ್ಗಿ, ಸರೋವರದ ಬಗೆಗಳೂ ಪಾಚಿಗಳೂ ಬೆಳೆಯುವುವು. ಕೋಡಿಯಿಂದ ಹೊರಟ ನೀರು ಕೆರೆಯನ್ನು ಹೊಕ್ಕ ನೀರೇ ಅಲ್ಲವೆನ್ನಬಹುದು. ಒಂದರ ಕೋಡಿಯ ನೀರು ಮತ್ತೊಂದಕ್ಕೆ ಹರಿಯುವ ನಮ್ಮ ಮೈದಾನ ಸೀಮೆಯ ಕೆರೆಗಳ ಸಾಲು ಈ ರೀತಿಯಲ್ಲಿ ಹಳ್ಳವನ್ನು ಮೆಟ್ಟಿಲು ಮೆಟ್ಟಿಲಾಗಿ ವಿಂಗಡಿಸಿದೆ. ರೇವೆಯೂ ರೋಗಾಣುಗಳೂ ಇಂಥ ನಿಂತ ನೀರಿನಲ್ಲಿ ಬಹುಮಟ್ಟಿಗೆ ಇಳಿದುಹೋಗುವುದು ಲಾಭವೇ. ಆದರೆ ಆಳವಾದ ಜಲಾಶಯದ ತಳದಲ್ಲಿ ಆಮ್ಲಜನಕವು ತೀರಿಹೋಗುವುದುಂಟು. ತಳದ ತೂಬಿನಿಂದ ಬಂದ ಅಂಥ ನೀರು ಕೆಳಗಿನ ಹೊಳೆಗೆ ಸ್ವಲ್ಪ ದೂರ ಹಿತವಲ್ಲ.

ಮರಳು ಮತ್ತು ಕುಡಿಯುವ ನೀರು.— 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ 8,000ಕ್ಕೂ ಹೆಚ್ಚು ಜನರು ಮೃತಪಟ್ಟರು. ಆ ನಗರವು ಎಲ್ಬ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಎಂಬ ಊರು ಹ್ಯಾಂಬರ್ಗಿನ ಕೊಳಚೆ ಬಿದ್ದ ಮೇಲಿನ ನೀರನ್ನೇ ತೆಗೆದುಕೊಳ್ಳುತ್ತಿದ್ದರೂ, ಮರಳಿನಲ್ಲಿ ನಿಧಾನವಾಗಿ ಸೋಸಿ ಕುಡಿಯುತ್ತಿದ್ದುದರಿಂದ ಬಹುಪಾಲು ಪಾರಾಯಿತು. ಅಲ್ಲಿ ಸೋಸಿದ್ದು ಮರಳು ಮಾತ್ರವಲ್ಲ. ಮರಳಿನ ಮೇಲ್ಪದರದಲ್ಲಿ ಬೆಳೆದ ಲೋಳೆಯ ಜೀವಿಗಳು ರೋಗಾಣುಗಳನ್ನು ಹಿಡಿದು ನಾಶಮಾಡಿದುವು. ನಮ್ಮ ಹೆಣ್ಣುಮಕ್ಕಳು ಬೇಸಗೆಯಲ್ಲಿ ಹೊಳೆಯ ಮರಳನ್ನು ಬಗೆದು ಚಿಲುಮೆಯ ನೀರನ್ನು ತರುವ ಪದ್ಧತಿಯಲ್ಲಿಯೂ ಇದೇ ಗುಣವು ಅಡಗಿದೆ. ಮರಳನ್ನು ಬಂಡೆಯವರೆಗೆ ಬಗೆದು ಲಾರಿಗಳಲ್ಲಿ ಸಾಗಿಸಿದ ಹೊಳೆಯಲ್ಲಿ ಆ ಸೋಸುವ ಪದರವೂ ಇಲ್ಲ, ಅದರಲ್ಲಿ ವಾಸಿಸುವ ಜೀವಿಗಳೂ ಇಲ್ಲ. ಆದರೂ ಚಿಲುಮೆಯ ನೀರನ್ನು ಕುದಿಸಿಯೇ ಕುಡಿಯತಕ್ಕದ್ದು. 1896ರಲ್ಲಿ ಆಗ್ರಾದ ಹ್ಯಾಂಕಿನ್ ಎಂಬ ಸರ್ಕಾರಿ ರಸಾಯನ ಪರೀಕ್ಷಕರು ಗಂಗಾ ಯಮುನೆಗಳ ನೀರಿನಲ್ಲಿ ಕಾಲರಾದ ಜೀವಿಗಳು ಬೇಗ ನಾಶವಾಗುವುದನ್ನು ಕಂಡು ಬರೆದುದನ್ನೇ ಹಿಡಿದು, ನದಿಯ ನೀರು ತನ್ನನ್ನು ತಾನೇ ಶುದ್ಧಿಮಾಡಿಕೊಳ್ಳುವುದೆಂದು ವಾದಿಸುವವರುಂಟು. ಅಂಥ ಶಕ್ತಿಯು ಎಷ್ಟೇ ಇದ್ದರೂ ಅದು ಕೊಡದಲ್ಲಿ ತುಂಬಿ ತಂದ ನೀರಿಗೆ ರಕ್ಷೆಯಾಗಲಾರದು.

ಗ್ರಾಮದಲ್ಲಿ ಮಾಡಬಹುದಾದುದು.— ಹಳ್ಳದ ಎರಡು ದಡಗಳಲ್ಲಿಯೂ ನೇಗಿಲು ತಗುಲದ ಒಂದು ಪಟ್ಟಿಯನ್ನು ಬಿಟ್ಟು ಹುಲ್ಲು, ಲಕ್ಕಿ, ಹೊಂಗೆಗಳನ್ನು ಬೆಳೆಯಗೊಡಬೇಕು. ಅಗಲವು ಎಷ್ಟಿದ್ದರೂ ಇಲ್ಲದುದಕ್ಕಿಂತ ಮೇಲು. ಪಂಚಾಯತಿಯು ಊರ ಚರಂಡಿಯನ್ನು ನೇರವಾಗಿ ಹಳ್ಳಕ್ಕೆ ಇಳಿಸದೆ, ಆಪು ಜೊಂಡುಗಳು ಬೆಳೆದ ಒಂದು ತಗ್ಗಿನಲ್ಲಿ ನಿಲ್ಲಿಸಿ ಬಿಟ್ಟರೆ ಕೊಳೆಯ ದೊಡ್ಡ ಪಾಲು ಅಲ್ಲಿಯೇ ತೀರುವುದು. ಹಳ್ಳಕ್ಕೆ ತಳದಲ್ಲಿಯೂ ಸಿಮೆಂಟು ಮೆತ್ತುವುದು ಈಚೆಗೆ ಅಭಿವೃದ್ಧಿಯ ಕೆಲಸವೆನಿಸಿಕೊಂಡಿದೆ. ನೀರು ಬೇಗ ಹರಿದುಹೋಗುವುದೇನೋ ನಿಜ, ಆದರೆ ಕಲ್ಲು ಮರಳುಗಳ ಸಂದಿಲ್ಲದ ಕಡೆ ಜೀವಿಗಳಿಗೆ ಮನೆಯಿಲ್ಲ. ಔಷಧಿ ಹೊಡೆಯುವ ಸಾಧನಗಳನ್ನು ಹಳ್ಳದಲ್ಲಿ ತೊಳೆಯುವುದನ್ನು ಮುಖಂಡರು ಕಟ್ಟುನಿಟ್ಟಾಗಿ ತಡೆಯಬೇಕು.

ಮೈದಾನ ಸೀಮೆಯ ಹಳ್ಳಗಳು ಬೇಸಗೆಯಲ್ಲಿ ಒಣಗಿದರೂ ಸತ್ತುವೆಂದು ತಿಳಿಯಬಾರದು. ಮರಳಿನ ಅಡಿಯ ತೇವದಲ್ಲಿ ಕೆಲವು ಜೀವಿಗಳೂ, ಒಣಗಿದ ಕೆಸರಿನಲ್ಲಿ ನಿದ್ರಾವಸ್ಥೆಯ ಬೀಜಾಣುಗಳಾಗಿ ಕೆಲವೂ ಕಾದಿರುವುವು. ಮೊದಲ ಮಳೆ ಬಿದ್ದ ಕೆಲವು ಗಂಟೆಗಳಲ್ಲಿಯೇ ಇವು ಎಚ್ಚರಗೊಂಡು, ತಿಂಗಳುಗಟ್ಟಲೆ ಬಿದ್ದಿದ್ದ ಎಲೆ, ಸಗಣಿ, ಕಸಗಳನ್ನು ಭರದಿಂದ ತಿನ್ನತೊಡಗುವುವು. ಆದಕಾರಣವೇ ಮುಂಗಾರಿನ ಮೊದಲ ನೀರು ಆಮ್ಲಜನಕದಲ್ಲಿ ಬಡವಾಗಿರುವುದು, ಮಡುಗಳಲ್ಲಿ ಉಳಿದ ಮೀನುಗಳು ಆಗಲೇ ತೇಲುವುದು. ತಿಪ್ಪೆಗಳನ್ನು ಹಳ್ಳದ ದಂಡೆಯಿಂದ ಮಳೆಗೆ ಮುಂಚೆಯೇ ಹೊಲಕ್ಕೆ ಸಾಗಿಸಿ ಮಣ್ಣಿನಲ್ಲಿ ಬೆರೆಸತಕ್ಕದ್ದು. ಆ ಮೊದಲ ನೀರು ಇಳಿದು ಹಳ್ಳವು ತಿಳಿಯಾಗುವವರೆಗೆ ದನಕರುಗಳಿಗೆ ಬಾವಿಯ ನೀರನ್ನೇ ಕುಡಿಸತಕ್ಕದ್ದು.